ಅಕ್ಕ ತೆಳ್ಳಗಾದದ್ದು

ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಹೆಚ್ಚಾದ ಊಟವನ್ನು ದೇಹ ಕೊಬ್ಬಾಗಿಸಿ ಕೂಡಿಡುತ್ತದೆ. ಇನ್ಸುಲಿನ್ ಇರುವವರೆಗೆ ಆ ಉಗ್ರಾಣಕ್ಕೆ ಬೀಗ. ಅದಿಲ್ಲದಿದ್ದರೆ ರಕ್ತದ ತುಂಬ ಸಕ್ಕರೆಯಿದ್ದರೂ ಜೀವಕೋಶಗಳಿಗೆ ಉಪವಾಸ. ಆಗ ಕೊಬ್ಬು ಕರಗಿ, ರಕ್ತದ ಪ್ರೋಟೀನಿನ ಹೆಗಲೇರಿ ಯಕೃತ್ತಿಗೆ ಹೋಗಿ ಕೀಟೋನ್ ಆಗುತ್ತದೆ. ಸ್ವಲ್ಪವಾದರೆ ಅದು ಹೃದಯಕ್ಕೂ ಮಿದುಳಿಗೂ ಊಟ. ಮಿತಿಮೀರಿದರೆ ರಕ್ತವೇ ಹುಳಿಯಾಗುತ್ತದೆ, ಉಸಿರಿಗೆ ಕಳಿತ ಹಣ್ಣಿನ ವಾಸನೆ ಬರುತ್ತದೆ. ಇಷ್ಟನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಅಕ್ಕ ಭದ್ರಾವತಿಯ ಕಾಗದನಗರದಲ್ಲಿದ್ದಳು. ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮಗಳ ಮದುವೆ ಗೊತ್ತಾದಾಗ ಅವಳದೊಂದು ಹಟ: ತನ್ನ ಧಾರೆ ಸೀರೆ ಉಟ್ಟು, ಆಗಿನದೇ ರವಿಕೆ ತೊಟ್ಟು ಮಗಳನ್ನು ಧಾರೆ ಎರೆದುಕೊಡಬೇಕು. ರವಿಕೆಯ ಒಳಹೊಲಿಗೆಯನ್ನೆಲ್ಲ ಬಿಚ್ಚಿದರೂ ತೋಳು ಏರಲಿಲ್ಲ. ನಾನು ಸುಮ್ಮನಿರಲಾರದೆ, "ಮೊದ್ಲು ಒಂದು ಸುತ್ತು ಇಳಿ ಮಾರಾಯ್ತಿ" ಎಂದು ನಗಾಡಿದೆ.

ತಿಂಗಳೊಳಗೆ ಇಳಿದಳು. ಮದುವೆಗೆ ವಾರವಿರುವಾಗ ಹೋದರೆ ರವಿಕೆ ಸಡಿಲವೇ ಆಗಿತ್ತು. ಅವಳ ಎದೆಗೆ ತಲೆ ತಾಗುವಷ್ಟು ಹತ್ತಿರ ನಿಂತು ಬಟ್ಟೆ ಹಿಡಿದು ಪಿನ್ನು ಚುಚ್ಚಿದೆ. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಬಾಳೆಹಣ್ಣು ತಿಂದಿರಬೇಕು ಅಂದುಕೊಂಡೆ. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಆಗಾಗ ಕುಸಿದು ಕೂರುತ್ತಿದ್ದಳು; ಮದುವೆ ಓಡಾಟದ ಸುಸ್ತು ಅಂದುಕೊಂಡೆ. ಅವಳು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಾಗ ನನಗೂ ಹೆಮ್ಮೆ. ಎಂಥ ದಡ್ಡಿ ನಾನು.

ಎರಡನೇ ದಿನ ಅವಳಿಗೆ ಎಚ್ಚರ ತಪ್ಪಿತು. ಶಿವಮೊಗ್ಗದ ಆಸ್ಪತ್ರೆಗೆ ತಂದರು, ಉಳಿಯಲಿಲ್ಲ. ಕೀಟೋನ್ ಎಂದರು ಡಾಕ್ಟರು. ಮನೆಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಸೀಸೆಗಳು ಸೀಲು ಒಡೆಯದೆ ಕೂತಿದ್ದವು. ಆ ಇಂಜೆಕ್ಷನ್ನಿನಿಂದಲೇ ಮೈ ಬರುವುದು ಎಂದು ಯಾರೋ ಹೇಳಿದ್ದರಂತೆ; ಪೂರ್ತಿ ಸುಳ್ಳೂ ಅಲ್ಲ. ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದು ಅವಳ ಮೇಲೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ಕೇಳದೆಯೇ ಹೇಳಬೇಕಾದವಳು ನಾನು.

ಮದುವೆ ಮುಂದೆ ಹೋಯಿತು. ಅಕ್ಕನ ಉತ್ತರಕ್ರಿಯೆ ಮುಗಿದ ಮಧ್ಯಾಹ್ನ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು. ಅಮ್ಮನ ಉಸಿರಿಗೆ ಹಣ್ಣಿನ ವಾಸನೆ ಬರುತ್ತಿತ್ತೇ ಎಂದು ಡಾಕ್ಟರು ಅವಳನ್ನು ಕೇಳಿದ್ದರಂತೆ. ತಾನು ಗಮನಿಸಲೇ ಇಲ್ಲ ಎಂದು ಅತ್ತಳು.

"ಅವತ್ತು ನೀನು ಅಷ್ಟು ಹತ್ರ ನಿಂತಿದ್ಯಲ್ಲ ಚಿಕ್ಕಮ್ಮ, ನಿಂಗೂ ಗೊತ್ತಾಗ್ಲಿಲ್ವಾ?"

"ಶೀತ ಆಗಿತ್ತು ಕಣೆ, ಮೂಗು ಕಟ್ಟಿತ್ತು" ಎಂದೆ.

ಅವಳು ನನ್ನ ಬೆನ್ನು ಸವರುತ್ತಾ ನನ್ನನ್ನೇ ಸಮಾಧಾನ ಮಾಡತೊಡಗಿದಳು.