ದರೋಜಿಯ ಕೇಪಿನ ಬಂದೂಕು

ಹೊಸಪೇಟೆಯ ರೈಲ್ವೆ ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ ಹೇಮಾವತಿಯ ಬಂದೂಕು ರಿಪೇರಿ ಅಂಗಡಿ. ಅಪ್ಪ ಗುಡ್ಡಪ್ಪ ನಲವತ್ತು ವರ್ಷ ಕೂತ ಬೆಂಚು ಅದು. ಇಬ್ಬರು ಅಕ್ಕಂದಿರು ಮದುವೆಯಾಗಿ ಬೇರೆ ಊರು ಸೇರಿದರು. ಕಿರಿಯವಳಾದ ಹೇಮಾವತಿ ಅಪ್ಪನ ಅರ ಹಿಡಿದಳು, ಅವನು ಹೋದ ಮೇಲೆ ಲೈಸೆನ್ಸನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಳು. ಮೊದಮೊದಲು ಬಂದವರು ಅವಳನ್ನು ನೋಡಿ "ಗುಡ್ಡಪ್ಪನೋರು ಇಲ್ಲೇನ್ರಿ?" ಎಂದು ಕೇಳಿ ವಾಪಸು ಹೋಗುತ್ತಿದ್ದರು. ಈಗ ಅವಳಿಗೆ ಐವತ್ತೆರಡು. ಯಾರೂ ಹಾಗೆ ಕೇಳುವುದಿಲ್ಲ.

ಕಂಪ್ಲಿ ಕಡೆಯ ರೈತರು ಬೆಳೆ ಕಾಯುವ ಬಂದೂಕುಗಳನ್ನು ತರುತ್ತಾರೆ. ಸಂಡೂರಿನ ಹಳೆಯ ಮನೆತನಗಳವರು ಆಯುಧಪೂಜೆಗೆ ತಿಂಗಳು ಮುಂಚೆ ಗೋಡೆಯ ಮೇಲಿನ ಮದ್ದಿನ ಬಂದೂಕುಗಳನ್ನು ಇಳಿಸಿ ಕಳಿಸುತ್ತಾರೆ. ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸುವುದು, ಬಿರುಕುಬಿಟ್ಟ ತೇಗಕ್ಕೆ ಅದೇ ವಯಸ್ಸಿನ ತೇಗದ ಚಕ್ಕೆ ಕೂರಿಸುವುದು, ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ತೀಡಿ ಮರಕ್ಕೆ ಕುಡಿಸುವುದು, ಇದೇ ಅವಳ ದಿನ. ಹೊಸದರಂತೆ ಹೊಳೆಯಬೇಕು ಎಂದರೆ ಅವಳು ಒಪ್ಪುವುದಿಲ್ಲ. "ಮುದುಕರಿಗೆ ಮೀಸಿಗೆ ಬಣ್ಣ ಹಚ್ಚಿದಂಗ ಆಗ್ತೈತ್ರಿ" ಎನ್ನುತ್ತಾಳೆ.

ಯಾವ ಬಂದೂಕು ಬಂದರೂ ಬಿಚ್ಚುವ ಮೊದಲು ಒಂದು ಪರೀಕ್ಷೆ. ಮದ್ದಿಗೆ ಕಿಡಿ ಹಚ್ಚುವ ಕೇಪಿನ ಮೇಲೆ ಬಡಿಯುವ ಸುತ್ತಿಗೆಯನ್ನು ಅರ್ಧ ಎತ್ತಿ ನಿಲ್ಲಿಸಿ, ಬಂದೂಕಿನ ಹಿಂಬದಿಯನ್ನು ನೆಲದ ಕಲ್ಲಿಗೆ ಹತ್ತು ಸಲ ಕುಟ್ಟಬೇಕು. ಬೆರಳಿನಿಂದ ಎಳೆಯುವ ಕುದುರೆಯನ್ನು ಮುಟ್ಟದೆ ಸುತ್ತಿಗೆ ಕದಲಬಾರದು. ಒಳಗಿರುವ ಒಂದು ಸಣ್ಣ ಹಲ್ಲು ಅದನ್ನು ಹಾಗೆ ಹಿಡಿದಿರುತ್ತದೆ. ಜನ ಅದಕ್ಕೆ ಅರ್ಧ ಹಲ್ಲು ಎನ್ನುತ್ತಾರೆ. ತುಂಬಿದ ಬಂದೂಕನ್ನು ಹೆಗಲಿಗೇರಿಸಿ ನಡೆಯುವವನ ಜೀವ ಆ ಹಲ್ಲಿನ ಮೇಲಿರುತ್ತದೆ. ಈ ಪರೀಕ್ಷೆ ಅಪ್ಪ ಕಲಿಸಿದ್ದು. ಹಲ್ಲು ಸವೆದಿದ್ದರೆ ಅರ ಹಾಕಿ ತಿದ್ದಬಾರದು, ಹೊಸದನ್ನೇ ಮಾಡಿ ಕೂರಿಸಬೇಕು ಎಂಬುದೂ ಅವನದೇ ಕಟ್ಟಪ್ಪಣೆ.

ಹೋದ ವರ್ಷ ಶ್ರಾವಣದಲ್ಲಿ ದರೋಜಿಯಿಂದ ಹುಲುಗಪ್ಪ ಎಂಬ ರೈತ ಬಂದ. ಅರವತ್ತರ ಹತ್ತಿರದ ವಯಸ್ಸು. ಗೋಣಿಚೀಲದಲ್ಲಿ ಸುತ್ತಿದ್ದ ಬಂದೂಕನ್ನು ಅವನು ತಾನು ಬಿಚ್ಚಲಿಲ್ಲ. ಚೀಲದ ಸಮೇತ ಬೆಂಚಿನ ಮೇಲಿಟ್ಟು ದೂರ ನಿಂತ.

"ಇದನ್ನ ಸಾಯಿಸಬೇಕ್ರಿ ಅಕ್ಕಾರ" ಎಂದ. "ಇನ್ನೆಂದೂ ಗುಂಡು ಹಾರಬಾರದು. ನಮ್ಮ ಮುತ್ತಾತನ ಕಾಲದ್ದು, ಮ್ಯೂಜಿಯಮ್ಮಿಗೆ ಕೊಡ್ರಿ ಅಂದಾರ. ಕಾಗದ ತಂದೀನಿ."

ಕಾಗದ ಸರಿಯಿತ್ತು. ಹೊರಡುವ ಮುಂಚೆ ಅವನು ತಾನಾಗಿಯೇ ಹೇಳಿದ, ಯಾರಿಗಾದರೂ ಹೇಳಲೇಬೇಕೆಂಬಂತೆ.

ಎಂಬತ್ತಾರನೇ ಇಸವಿ. ಶೇಂಗಾ ಹೊಲಕ್ಕೆ ಹಂದಿಯ ಕಾಟ, ಕರಡಿಯ ಭಯ. ಅಣ್ಣ ಜಂಬಪ್ಪನೂ ಅವನೂ ಹೊಲ ಕಾಯ್ದು ಬೆಳಗಾದ ಮೇಲೆ ಮನೆಗೆ ಬಂದಿದ್ದರು. ಅಣ್ಣ ಕಟ್ಟೆಯ ಮುಂದೆ ಬಗ್ಗಿ ಕಾಲು ತೊಳೆಯುತ್ತಿದ್ದ. ಹುಲುಗಪ್ಪ ಬಂದೂಕಿನ ಹಿಂಬದಿಯನ್ನು ಕಟ್ಟೆಗೆ ಊರಿದ, ನಳಿಗೆ ಅಣ್ಣನತ್ತ ವಾಲಿತ್ತು. ಅಷ್ಟೇ. ಗುಂಡು ಹಾರಿತು, ಅಣ್ಣ ಉಳಿಯಲಿಲ್ಲ. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಎರ್ರೆಮ್ಮ ಎಲ್ಲವನ್ನೂ ಕಂಡಳು. ಎರಡು ದಿನ ಮುಂಚೆ ಅಣ್ಣತಮ್ಮಂದಿರಿಗೆ ಹೊಲದ ಪಾಲಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ಪೊಲೀಸರು ಅಪಘಾತವೆಂದು ಬರೆದುಕೊಂಡರು. ಊರು ಹಾಗೆ ಬರೆದುಕೊಳ್ಳಲಿಲ್ಲ. ಎರ್ರೆಮ್ಮ ಅಂದಿನಿಂದ ಅವನೊಂದಿಗೆ ಒಂದು ಮಾತೂ ಆಡಿಲ್ಲ.

"ಕುದುರೆ ಎಳದ್ನೋ ಇಲ್ಲೋ ನನಗ ನೆಪ್ಪಿಲ್ರಿ" ಎಂದ ಹುಲುಗಪ್ಪ. "ಎಳದೇ ಇರಬೇಕು. ಎಳೀದೇ ಹ್ಯಾಂಗ ಹಾರ್ತೈತಿ?"

ಅವನು ಮದುವೆಯಾಗಲಿಲ್ಲ. ಅಣ್ಣನ ಹೊಲವನ್ನೂ ತನ್ನದನ್ನೂ ದುಡಿದು, ಅಣ್ಣನ ಮಗಳ ಮದುವೆ ಮಾಡಿ, ಬೆಳೆದ ಕಾಳನ್ನು ಅತ್ತಿಗೆಯ ಬಾಗಿಲಿಗೆ ಇಳಿಸಿ ಬರುತ್ತ ಮೂವತ್ತೆಂಟು ವರ್ಷ ಕಳೆದಿದ್ದ.

ಅವನು ಹೋದ ಮೇಲೆ ಹೇಮಾವತಿ ಬಂದೂಕು ಖಾಲಿಯಿರುವುದನ್ನು ನೋಡಿಕೊಂಡು, ಸುತ್ತಿಗೆಯನ್ನು ಅರ್ಧ ಎತ್ತಿ, ರೂಢಿಯಂತೆ ಕಲ್ಲಿಗೆ ಕುಟ್ಟಿದಳು. ಮೂರನೇ ಏಟಿಗೆ ಸುತ್ತಿಗೆ ಟಪ್ಪೆಂದು ಬಿತ್ತು. ಅವಳ ಬೆರಳು ಕುದುರೆಯ ಹತ್ತಿರವೂ ಇರಲಿಲ್ಲ. ಮತ್ತೆ ಎತ್ತಿದಳು. ಈ ಸಲ ಮೊದಲನೇ ಏಟಿಗೇ ಬಿತ್ತು.

ಸುತ್ತಿಗೆಯೂ ಹಲ್ಲೂ ಕೂತಿರುವ ಪಕ್ಕದ ಕೀಲನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಅರ್ಧ ಹಲ್ಲು ತಾನಾಗಿ ಸವೆದದ್ದಲ್ಲ. ಕುದುರೆ ಹಗುರಾಗಲೆಂದು ಯಾರೋ ಅರ ಹಾಕುವಾಗ ಈ ಹಲ್ಲಿಗೂ ತಾಗಿ, ಅದರ ಅಂಚು ಹೋಗಿತ್ತು. ಕೀಲಿನ ತಗಡನ್ನು ತಿರುಗಿಸಿದಳು. ಒಳಮೈಯಲ್ಲಿ ಮೊಳೆಯಿಂದ ಗೀರಿದ ಅಕ್ಷರ ಕಂಡಿತು: 'ಗು', ಪಕ್ಕದಲ್ಲಿ 85.

ತಾನು ರಿಪೇರಿ ಮಾಡಿದ ಪ್ರತಿ ಬಂದೂಕಿನೊಳಗೂ ಅಪ್ಪ ಹೀಗೆ ಗೀರುತ್ತಿದ್ದ. ಎಷ್ಟೋ ಸಲ ಆ ಅಕ್ಷರ ಕಂಡಾಗ ಅವಳು ಹೆಮ್ಮೆಯಿಂದ ಬೆರಳಾಡಿಸಿದ್ದಳು. ಈಗ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

ಮನೆಯಲ್ಲಿ ಅವ್ವ ದ್ಯಾಮಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಂಬತ್ತು ದಾಟಿದ್ದರೂ ಕೈ ಸುಮ್ಮನಿರದ ಜೀವ. ಹೇಮಾವತಿ ಎದುರು ಕೂತು ಕೇಳಿದಳು.

"ಅವ್ವ, ದರೋಜಿ ಒಳಗ ಬಂದೂಕು ಹಾರಿ ಒಬ್ರು ಸತ್ತಿದ್ರಂತಲ್ಲ. ಅಪ್ಪಗ ಗೊತ್ತಿತ್ತೇನು?"

ಜರಡಿ ನಿಂತಿತು. ದ್ಯಾಮಕ್ಕ ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡಳು.

"ಗೊತ್ತಿತ್ತು" ಎಂದಳು. "ಸುದ್ದಿ ಬಂದ ದಿನ ತುತ್ತು ಇಳೀಲಿಲ್ಲ ಅವರಿಗೆ. 'ಅದು ನಾನು ಮುಟ್ಟಿದ ಬಂದೂಕು ದ್ಯಾಮಿ, ಹೋಗಿ ಹೇಳಿಬರ್ತೀನಿ' ಅಂತ ಚಪ್ಪಲಿ ಮೆಟ್ಟಿದ್ರು. ನಾನೇ ಅಡ್ಡ ನಿಂತೆ. ಮೂರು ಹೆಣ್ಣು ಮಕ್ಕಳನ್ನ ಇಟ್ಕೊಂಡು ನಾನು ಜೈಲಿನ ಬಾಗಿಲು ಕಾಯ್ಲೇನು ಅಂದೆ. ಕುಂತುಬಿಟ್ರು."

"ಆಮ್ಯಾಲೆ?"

"ಆಮ್ಯಾಲೇನು. ಒಂದು ತಿಂಗಳು ಅಂಗಡಿ ತೆಗೀಲಿಲ್ಲ. ತೆಗೆದ ಮ್ಯಾಲ ಆ ಕುಟ್ಟೋದು ಶುರು ಮಾಡಿದ್ರು."

ಅಪ್ಪನ ಆ ಪರೀಕ್ಷೆಯನ್ನು ಒಬ್ಬ ಕಸುಬುದಾರನ ಜಾಣತನವೆಂದೇ ಹೇಮಾವತಿ ಇಷ್ಟು ವರ್ಷ ತಿಳಿದಿದ್ದಳು. ಅಪ್ಪ ಸುಮ್ಮನಿದ್ದದ್ದಕ್ಕೆ ಸಿಟ್ಟು ಬಂತು. ಮರುಗಳಿಗೆ ಆ ಮನುಷ್ಯ ಸಾಯುವ ತನಕ ದಿನವೂ ಕಲ್ಲಿಗೆ ಕುಟ್ಟುತ್ತ ಏನನ್ನು ಕೇಳಿಸಿಕೊಂಡನೋ ಎಂದು ನೆನೆದಳು. ನಾಲ್ಕು ದಿನ ಅವಳು ಆ ಬಂದೂಕನ್ನು ಮುಟ್ಟಲಿಲ್ಲ. ನಳಿಗೆಗೆ ಬೆಸುಗೆ ಹಾಕಿ, ಕೀಲನ್ನು ಕೂರಿಸಿ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಯಾರೂ ಇನ್ನೆಂದೂ ಒಳಗೆ ನೋಡುತ್ತಿರಲಿಲ್ಲ. ಆದರೆ ದೂರ ನಿಂತು ಮಾತಾಡಿದ ಹುಲುಗಪ್ಪನ ಮುಖ ಕಣ್ಣೆದುರಿಂದ ಸರಿಯಲೇ ಇಲ್ಲ.

ಐದನೇ ದಿನ ಕೀಲನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ದ್ಯಾಮಕ್ಕ ಈ ಸಲ ಅಡ್ಡ ನಿಲ್ಲಲಿಲ್ಲ. "ಛತ್ರಿ ತಗೊ" ಎಂದಳು, ಅಷ್ಟೇ.

ದರೋಜಿಯಲ್ಲಿ ಹುಲುಗಪ್ಪನ ಮನೆಯೂ ಎರ್ರೆಮ್ಮನ ಮನೆಯೂ ಒಂದೇ ಅಂಗಳಕ್ಕೆ ತೆರೆದಿದ್ದವು, ನಡುವೆ ಒಂದು ಬೇವಿನ ಮರ. ಹೇಮಾವತಿ ಇಬ್ಬರೂ ಬೇಕೆಂದಳು. ಹುಲುಗಪ್ಪ ಮರದ ಬುಡದಲ್ಲಿ ಕೂತ. ಎರ್ರೆಮ್ಮ ತನ್ನ ಹೊಸ್ತಿಲು ದಾಟಲಿಲ್ಲ. ಹೇಮಾವತಿ ಅವಳ ಕಾಲಬಳಿ ಕೂತು ಕೀಲನ್ನು ತೆಗೆದಳು. ಸುತ್ತಿಗೆ ಅರ್ಧ ಎತ್ತಿ ನಿಲ್ಲಿಸಿ, ಕೀಲಿನ ಅಂಚನ್ನು ಹೊಸ್ತಿಲಿಗೆ ಮೆಲ್ಲಗೆ ಬಡಿದಳು. ಸುತ್ತಿಗೆ ಬಿತ್ತು.

"ಕುದುರೆ ಎಳೀಬೇಕಾಗಿಲ್ಲಮ್ಮ" ಎಂದಳು. "ಕಟ್ಟೆಗೆ ಊರಿದ್ರೆ ಸಾಕು. ಇವರು ಕೊಂದಿಲ್ಲ."

ಎರ್ರೆಮ್ಮ ಕೀಲನ್ನು ಕಸಿದುಕೊಂಡಳು. ತಾನೇ ಎತ್ತಿದಳು, ತಾನೇ ಬಡಿದಳು. ಬಿತ್ತು. ಮತ್ತೆ ಎತ್ತಿದಳು. ಹತ್ತು ಸಲವೋ ಹದಿನೈದು ಸಲವೋ, ಬೆರಳಿನ ತುದಿ ಕಂದಿ ಕೆಂಪಾಗುವ ತನಕ.

"ಇದನ್ನ ಹಿಂಗ ಮಾಡಿದೋರು ಯಾರು?"

"ನಮ್ಮಪ್ಪ."

"ಅವಗ ಗೊತ್ತಿತ್ತೇನು?"

ಇಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಮಾವತಿ ಅದನ್ನು ನುಂಗಿದಳು. "ಗೊತ್ತಿತ್ರಿ. ಹೇಳಾಕ ಧೈರ್ಯ ಆಗ್ಲಿಲ್ಲ."

ಎರ್ರೆಮ್ಮ ಕೂಗಾಡಲಿಲ್ಲ. ಕೀಲನ್ನು ಹೇಮಾವತಿಯ ಮಡಿಲಿಗೆ ಹಾಕಿದಳು. "ಎದ್ದು ಹೋಗವ್ವ" ಎಂದಳು. "ನಿನ್ ಮ್ಯಾಲ ಸಿಟ್ಟಿಲ್ಲ. ಆದ್ರ ಇವತ್ತು ನಿನ್ ಮಖ ನೋಡಾಕಾಗಲ್ಲ ನನಗ."

ಹೇಮಾವತಿ ಎದ್ದಳು. ಹುಲುಗಪ್ಪ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ನೆರಳು ಸರಿದು ಅವನ ಮೇಲೆ ಬಿಸಿಲು ಬಿದ್ದಿತ್ತು. ಅಂಗಳದ ಅಂಚಿಗೆ ಹೋದಾಗ ಅವಳಿಗೆ ಹಿಂದಿನಿಂದ ಎರ್ರೆಮ್ಮನ ದನಿ ಕೇಳಿಸಿತು. "ಹುಲುಗಾ, ಬಿಸಿಲಾಗ ಯಾಕ ಕುಂತಿ, ಒಳಗ ಬಾ." ಆಮೇಲೆ ಒಬ್ಬ ಮುದಿ ಗಂಡಸು ಬಾಯಿಬಿಟ್ಟು ಅಳುವ ಸದ್ದು. ಅವಳು ತಿರುಗಿ ನೋಡಲಿಲ್ಲ.

ಬಂದೂಕಿನ ನಳಿಗೆಗೆ ಬೆಸುಗೆ ಹಾಕಿ ಮುಗಿಸಿ, ಲೈಸೆನ್ಸ್ ಕಚೇರಿಗೆ ಕೊಟ್ಟ ವರದಿಯಲ್ಲಿ ಹೇಮಾವತಿ ದೋಷವನ್ನು ಬರೆದಳು, ರಿಪೇರಿ ಮಾಡಿದವನ ಹೆಸರನ್ನೂ ಬರೆದಳು. ಸುದ್ದಿ ಹಬ್ಬಿತು. ಸಂಡೂರಿನ ಒಂದು ಮನೆಯವರು ತಮ್ಮ ಎರಡು ಬಂದೂಕುಗಳನ್ನು ಮಾತಿಲ್ಲದೆ ವಾಪಸು ಒಯ್ದರು. ಕಂಪ್ಲಿಯ ಕೊಟ್ರಯ್ಯನವರು ಮಾತ್ರ ತಾವಾಗಿ ಬಂದು, "ನಮ್ದೂ ನಿಮ್ಮಪ್ಪಾರೇ ಮಾಡಿದ್ದು, ಒಂದ್ಸಲ ನೋಡಿಬಿಡ್ರಿ" ಎಂದರು. ಅಂಥ ಇನ್ನೂ ಏಳು ಬಂದವು. ಪ್ರತಿಯೊಂದನ್ನೂ ಬಿಚ್ಚಿ ನೋಡಿದಳು. ಒಂದರಲ್ಲಿ ಹಲ್ಲು ಸವೆದಿತ್ತು. ಹೊಸದು ಮಾಡಿ ಕೂರಿಸಿದಳು.

ಮಹಾಲಯ ಅಮಾವಾಸ್ಯೆಯ ಸಂಜೆ ಹುಲುಗಪ್ಪ ಫೋನು ಮಾಡಿದ. ಅಣ್ಣ ಸತ್ತಾಗಿನಿಂದ ಅವನ ಹೆಸರಿನ ಎಡೆಯನ್ನು ಎರ್ರೆಮ್ಮ ಒಬ್ಬಳೇ ಇಡುತ್ತಿದ್ದಳು, ಆ ದಿನ ಹುಲುಗಪ್ಪ ಆ ಬಾಗಿಲಿಗೂ ಹೋಗುತ್ತಿರಲಿಲ್ಲ. "ಈ ಸಲ ನನ್ ಕೈಲೇ ಇಡಿಸಿದ್ಲ್ರಿ ಅತ್ತಿಗಿ" ಎಂದ. "ಎಲಿ ಹೊರಗ ಅನ್ನ ಚೆಲ್ಲಿಬಿಟ್ಟೆ. ಬೈದ್ಲು." ಬೈಸಿಕೊಂಡದ್ದನ್ನು ಹೇಳುವಾಗ ಅವನ ದನಿಯಲ್ಲಿ ಸಣ್ಣ ನಗುವಿತ್ತು.

ಹೇಮಾವತಿಯ ಮನೆಯಲ್ಲೂ ಎಡೆ ಸಿದ್ಧವಾಗಿತ್ತು. ಅಪ್ಪನ ಫೋಟೋದ ಮುಂದೆ ಕೂತಳು. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. "ಹೇಳಿಬಂದೀನಪ್ಪ" ಎಂದಳು ಸಣ್ಣಗೆ. ಪಕ್ಕದಲ್ಲಿ ದ್ಯಾಮಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಾಯಿ ಮಗಳು ಇಬ್ಬರೂ ದೀಪ ಸಣ್ಣಗಾಗುವ ತನಕ ಅಲ್ಲೇ ಕೂತಿದ್ದರು.