ಏರಿನ ಲಾರಿಯೂ ನಮ್ಮತ್ತೆಯೂ

ಬೆಳಿಗ್ಗೆ ಪೂಜೆಗೆ ಕೂತು ಇನ್ನೇನು ಕಣ್ಣು ಮುಚ್ಚಬೇಕು, ಮನೆಯ ಹಿಂದಿನ ದಿಬ್ಬಕ್ಕೆ ಕಬ್ಬಿನ ಲಾರಿಯೊಂದು ಬಂತು. ತುಂಬಿದ ಲಾರಿ ಏರು ಹತ್ತುವ ಸದ್ದು ನೀವೂ ಕೇಳಿರುತ್ತೀರಿ. ಹೆಜ್ಜೆ ನೋಡಿದರೆ ಬಸುರಿಯದು, ಗಂಟಲು ನೋಡಿದರೆ ಜಗಳಗಂಟಿಯದು. ಕೈಯಲ್ಲಿದ್ದ ರುದ್ರಾಕ್ಷಿ ಸರ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಯಿತು. ಮತ್ತೆ ಮೊದಲಿನಿಂದ ಹಿಡಿದೆ. ಲಾರಿಯೂ ಮತ್ತೊಂದು ಗೇರು ಇಳಿಸಿ ಮೊದಲಿಗಿಂತ ಜೋರಾಗಿ ಕೂಗಿತು. ನನಗೆ ನಗು ತಡೆಯಲಿಲ್ಲ. ಶಿವನು ಕ್ಷಮಿಸಬೇಕು, ಆ ಸದ್ದು ಕೇಳಿದಾಗಲೆಲ್ಲ ನನ್ನ ಕಣ್ಣಮುಂದೆ ಅವನಿಗಿಂತ ಮೊದಲು ನಮ್ಮತ್ತೆ ಬಂದು ನಿಲ್ಲುತ್ತಾರೆ.

ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಸೀಮೆ ಇನ್ನೂ ಮಹಾರಾಷ್ಟ್ರಕ್ಕೆ ಸೇರಿರಲಿಲ್ಲ. ಉದಗೀರದ ಹುಡುಗಿ ನಾನು, ಉಮರ್ಗಾ ಕಡೆಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದಿದ್ದೆ. ಮನೆ ತುಂಬ ಗಂಡಸರು. ಹೆಂಗಸರೆಂದರೆ ಅತ್ತೆ ಮತ್ತು ನಾನು. ಬೆಳಗಾದರೆ ಜೋಳದ ರೊಟ್ಟಿ ಬಡಿಯಲು ಕೂತರೆ ಬಿಸಿಲು ಅಂಗಳಕ್ಕೆ ಬಂದಾಗಲೇ ಏಳುವುದು. ಮೈದುನನಿಗೆ ಹೆಣ್ಣು ಹುಡುಕುವ ಮಾತು ಬಂದಾಗ ನಾನು ದೇವರ ಮುಂದೆ ಕೂತು ಬೇಡಿಕೊಂಡದ್ದು ಒಂದೇ: ನನ್ನ ತಂಗಿ ಗೌರಿ ಈ ಮನೆಗೆ ಬರಲಿ. ಅವಳು ಬಂದರೆ ರೊಟ್ಟಿ ಅರ್ಧವಾಗುತ್ತದೆ, ನಗು ಎರಡರಷ್ಟಾಗುತ್ತದೆ ಎಂಬುದು ನನ್ನ ಲೆಕ್ಕ.

ಅಡ್ಡ ನಿಂತದ್ದು ಗೌರಿಯ ಗಂಟಲು. ಅವಳು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಹ್ಞೂಂಗುಟ್ಟುತ್ತಿದ್ದರು. ನಮ್ಮತ್ತೆಯದೋ ಒಂದೇ ಪಟ್ಟು: "ಹೆಣ್ಣಿನ ದನಿ ಹೊಸ್ತಿಲಾ ದಾಟಬಾರ್ದವ್ವ." ಈ ಮಾತನ್ನು ಅವರು ಹೇಳಿದ್ದು ಅಡುಗೆಮನೆಯಲ್ಲಿ, ಕೇಳಿಸಿದ್ದು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಮಾವನವರಿಗೆ. ಆದರೂ ಹೆಣ್ಣು ನೋಡಲು ಒಪ್ಪಿದರು. ಅವ್ವನಿಗೆ ಹೇಳಿ ಕಳಿಸಿದೆ: ಗೌರಿಗೆ ಬಾಯಿಬಿಡದಂತೆ ಕಟ್ಟಪ್ಪಣೆ ಮಾಡು.

ನಮ್ಮನ್ನು ಕರೆದೊಯ್ಯಲು ಬಂದವನು ನನ್ನ ಸೋದರಮಾವ ಶರಣಪ್ಪ. ಉದಗೀರದ ಕಾಳುಕಡ್ಡಿಯ ಅಡತಿ ಅಂಗಡಿಯೊಂದರ ಲಾರಿ ಹೊಡೆಯುತ್ತಿದ್ದ. ಲಷ್ಕರಿನವರು ಹರಾಜಿಗೆ ಹಾಕಿದ ಹಳೆಯ ಲಾರಿ ಅದು. ಯುದ್ಧಕ್ಕೆ ಹೋಗಿತ್ತೋ ಇಲ್ಲವೋ, ಸೋತು ಬಂದ ಮುಖವಂತೂ ಇತ್ತು. ಹಿಂದೆ ಶೇಂಗಾ ಚೀಲ, ಮುಂದೆ ನಾವು ಮೂವರು. ನಿಲಂಗಾ ದಾಟುವವರೆಗೆ ಅತ್ತೆ ದೇವರ ನಾಮ ಜಪಿಸುತ್ತ ಸುಮ್ಮನಿದ್ದರು. ಮಾಂಜರಾ ಹೊಳೆ ದಾಟಿದ್ದೇ ಮುಂದೆ ಉದ್ದನೆಯ ಏರು ಬಂತು. ಶರಣಪ್ಪ ಮಾವ ಗೇರು ಇಳಿಸಿ ಕಾಲಿನಿಂದ ರೇಸ್ ಒತ್ತಿದ. ಲಾರಿ ಕುತ್ತಿಗೆ ಹಿಸುಕಿದಂತೆ ಚೀರತೊಡಗಿತು. ಅತ್ತೆಯ ಜಪ ನಿಂತಿತು.

"ಬೀಗರ, ಹಿಂಗ್ಯಾಕ ಒದರ್ಲತ್ತದ್ರಿ ಇದು?"

"ಏರು ಅದಲ್ರಿ ಅಕ್ಕೋರ. ಒದರಿದ್ರೇ ಹತ್ತತದ."

"ನಮ್ಮ ಮನ್ಯಾಗ ಎತ್ತಿಗಿ ಏರಿನಾಗ ಮೆಲ್ಲಕ ಹೊಡೀತೀವಿ. ಬಾರಕೋಲ ತೋರ್ಸಂಗಿಲ್ಲ. ಮೂಕ ಜೀವ ಅಳ್ಸಿ ಉದಗೀರ ಮುಟ್ಟಿದ್ರ ಶಿವ ಮೆಚ್ಚತಾನೇನು?"

"ಇದು ಎತ್ತಲ್ರಿ, ಎಂಜಿನ್ನು."

"ಬಿಸಿ ಉಸುರ ಬಿಡ್ತದ, ನೀರ ಕುಡೀತದ, ಹೊಗಿ ಹಾಕ್ತದ. ಜೀವ ಅನ್ನಾಕ ಇನ್ನೇನ ಬೇಕ್ರಿ? ಇಷ್ಟ ಕಠೋರ ಮನಸಿನವ್ರ ಸೋದರಸೊಸಿ ಹ್ಯಾಂಗಿದ್ದಾಳೋ!"

ಮಾವ ನನ್ನ ಕಡೆ ನೋಡಿದ. ನಾನು ಸೆರಗಿನ ಮರೆಯಿಂದ ಅವನನ್ನು ನೋಡಿದೆ. ಗಂಡಿನ ಕಡೆಯ ಬೀಗತಿ. ಈ ಏರಿನ ಮೇಲೆ ಆಕೆಯ ಮನಸ್ಸು ಕೆಟ್ಟರೆ ಗೌರಿ ಬಾಯಿ ತೆರೆಯುವ ಮೊದಲೇ ಸಂಬಂಧ ಹೊಳೆಯ ಪಾಲು. ಪಾಪ, ಅವನು ಹಲ್ಲು ಕಚ್ಚಿ ಮೇಲಿನ ಗೇರಿಗೆ ಹಾಕಿದ.

ಲಾರಿಯ ಚೀರಾಟ ನಿಂತಿತು. ಬದಲಿಗೆ ಒಳಗೆ ಯಾರೋ ಒನಕೆಯಿಂದ ಕುಟ್ಟಿದಂತೆ ಗುದ್ದು ಶುರುವಾಯಿತು. ನನ್ನ ಬಳೆಗಳೆಲ್ಲ ತಾವೇ ತಾಳ ಹಾಕಿದವು. ಅತ್ತೆಗೆ ಮಾತ್ರ ಸಂತೋಷವೋ ಸಂತೋಷ. "ನೋಡ್ರಿ, ಕೂಸು ಜೋಲಿಗಿ ಹಾಕ್ದಂಗ ಆತು" ಎಂದು ಚೀಲದಿಂದ ವಿಭೂತಿ ತೆಗೆದು ಎದುರಿನ ತಗಡಿಗೆ ಮೂರು ಬೆರಳು ಎಳೆದರು. "ಮೆಲ್ಲಕ ನಡಿ ನಮ್ಮಪ್ಪಾ, ಅವಸರ ಇಲ್ಲ" ಅಂದರು.

ನಮ್ಮಪ್ಪ ಅವಸರ ಮಾಡಲಿಲ್ಲ. ಮೆಲ್ಲಗಾದ, ಇನ್ನೂ ಮೆಲ್ಲಗಾದ, ನಡು ಏರಿನಲ್ಲಿ ನಿಂತೇಬಿಟ್ಟ. ಮೂತಿಯಿಂದ ಬುಸ್ಸನೆ ಉಗಿ ಎದ್ದಿತು. ಮಾವ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಸದ್ಯ, ಕಲ್ಲು ಕೈಗೆ ಸಿಕ್ಕಿತಲ್ಲ, ನಾವು ಹಿಂದಕ್ಕೆ ಉರುಳಿ ಹೊಳೆ ಸೇರಲಿಲ್ಲವಲ್ಲ ಎಂದು ನಾನು ಗಲ್ಲ ಗಲ್ಲ ಬಡಿದುಕೊಂಡೆ.

ನೀರಿನ ಡಬ್ಬಿ ತೆಗೆದು ನೋಡಿದರೆ ತಳದಲ್ಲಿ ಒಂದು ಬೊಗಸೆಯಷ್ಟಿತ್ತು. ಬರುವಾಗ ತುಂಬಿಕೊಳ್ಳಲು ಮರೆತಿದ್ದನಂತೆ. ಬೀಗತಿಯ ಉಪಚಾರದ ಗಡಿಬಿಡಿ. ಸುತ್ತಲೂ ಹುಲ್ಲುಗಾವಲು. ದೂರದ ಇಳಿಜಾರಿನಲ್ಲಿ ಕುರಿ ಮೇಯಿಸುವ ಒಬ್ಬ, ಹೆಗಲಿಗೆ ಕಂಬಳಿ, ಪಕ್ಕದಲ್ಲಿ ಕೊಡ. ಮಾವ ಬಾಯಿಗೆ ಕೈ ಹಿಡಿದು ಕೂಗಿದ. ಉಗಿ ಕುಡಿದ ಗಂಟಲಿನಿಂದ ಕೆಮ್ಮು ಮಾತ್ರ ಬಂತು. ಸೊಸೆ ನಾನು ಅತ್ತೆಯ ಎದುರು ಕೂಗುವ ಹಾಗಿಲ್ಲ. ಅತ್ತೆ ನಮ್ಮಿಬ್ಬರನ್ನೂ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏ ತಮ್ಮಾ! ಬೀರಪ್ಪನ ಪುಣ್ಯಾ ಬರ್ತದ, ನೀರ ತಗೊಂಡ ಬಾರೋ!"

ಕುರಿಗಳು ದಿಕ್ಕಾಪಾಲಾದವು. ಅವನು ಮೊದಲು ಕುರಿ ಕೂಡಿಸಿ ಆಮೇಲೆ ಕೊಡ ತಂದ. "ಯವ್ವಾ, ತೋಳ ಬಂದ್ರೂ ಇಷ್ಟ ಹೆದರಂಗಿಲ್ರಿ ಇವು" ಎಂದು ನಗುತ್ತಲೇ ನೀರು ಕೊಟ್ಟ.

ಎಂಜಿನ್ ಆರಲೆಂದು ಕಾಯುತ್ತ ಕೂತಾಗ ಮಾವನ ತುಂಟತನ ಮರಳಿ ಬಂತು. "ಅಕ್ಕೋರ, ಈಗ ನೀವು ಒದರಿದ್ರಲ್ಲ, ಏನರ ತ್ರಾಸ ಆತೇನ್ರಿ?"

"ತ್ರಾಸ ಯಾಕ ಆಗ್ತದ? ಅಷ್ಟ ದೂರ ದನಿ ಮುಟ್ಟಬೇಕಲ್ಲ."

"ಇದೂ ಹಂಗೇರಿ. ಸಣ್ಣ ಹೆಜ್ಜಿ ಇಟ್ಕೋತ ಜೋರ ಓಡಿದ್ರ ಮ್ಯಾಲ ಮುಟ್ಟತದ, ಒಳಗಿನ ಪಂಖಾನೂ ಜೋರ ತಿರಗಿ ಬಿಸಿ ಆರಸ್ತದ. ಬಾಯಿ ಮುಚ್ಚಿ ದೊಡ್ಡ ಹೆಜ್ಜಿ ಹಾಕಂದ್ರ ಒಳಗೊಳಗ ಕುದ್ದು ಸಾಯ್ತದ."

ಅತ್ತೆ ಎದ್ದು ಹೋಗಿ ಲಾರಿಯೊಳಗೆ ಕೂತರು. ಮಾವ ಮಿತಿಮೀರಿದ, ಗೌರಿಯ ಕತೆ ಮುಗಿಯಿತು ಎಂದುಕೊಂಡೆ. ಲಾರಿ ಮತ್ತೆ ಹೊರಟಿತು. ಒಂದನೇ ಗೇರು, ಚೀರಾಟ, ಇರುವೆಯ ನಡಿಗೆ. ತಿರುವಿನಲ್ಲಿ ಸದ್ದು ಒಂದಿಷ್ಟು ತಗ್ಗಿತು ನೋಡಿ, ಅತ್ತೆ ಥಟ್ಟನೆ ಮಾವನ ಕಡೆ ತಿರುಗಿ, "ಯಾಕ್ರಿ ಬೀಗರ, ಕಾಲಾಗ ಜೋಮ ಹಿಡದದೇನು? ಒದರಸ್ರಿ ಇನ್ನಷ್ಟು!" ಅಂದರು. ಅಲ್ಲಿಂದ ಮೇಲೆ ಮುಟ್ಟುವವರೆಗೆ ಲಾರಿ ಹೊಡೆದದ್ದು ಮಾವನ ಕಾಲು, ಅತ್ತೆಯ ಬಾಯಿ.

ಉದಗೀರದಲ್ಲಿ ಗೌರಿ ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ನಾನು ಹಿಂದೆ.

"ಹೆಸರೇನವ್ವ?"

ತುಟಿ ಅಲ್ಲಾಡಿದವು, ಅಷ್ಟೇ. "ರೊಟ್ಟಿ ಬಡೀತಿ?" ಮತ್ತೆ ತುಟಿ ಅಲ್ಲಾಡಿದವು. ಅವ್ವ ಹೆಮ್ಮೆಯಿಂದ ಬೀಗುತ್ತಿದ್ದಳು. ಅತ್ತೆಯ ಹುಬ್ಬು ಮಾತ್ರ ಗಂಟಾಯಿತು.

"ಶರಣಪ್ಪ ಬೀಗರ," ಅಂದರು, "ಇದು ಬಾಯಿ ಮುಚ್ಚಿ ದೊಡ್ಡ ಹೆಜ್ಜಿ ಹಾಕೂ ಪೈಕಿ ಕಾಣ್ತದ. ನಮ್ಮ ಮನಿ ಅಂದ್ರ ಏರೇ ಏರು. ನಡುವ ನಿಂತ್ರ ಯಾರ ಕಲ್ಲ ಕೊಡ್ಬೇಕ್ರಿ?"

ಮಾವ ಬೆವರಿದ. ಅವ್ವನ ಮುಖ ಬಾಡಿತು. ಅತ್ತೆ ಏಳಲೆಂದು ನೆಲಕ್ಕೆ ಕೈ ಊರಿದ್ದೂ ಆಯಿತು. ನನಗೆ ನನ್ನ ರೊಟ್ಟಿಗಳೆಲ್ಲ ಕಣ್ಣಮುಂದೆ ರಾಶಿಯಾಗಿ ಬಂದವು. ಶಿವನನ್ನು ನೆನೆದು ಗೌರಿಯ ಸೊಂಟವನ್ನು ಜೋರಾಗಿ ಚಿವುಟಿದೆ.

"ಅಯ್ಯಯ್ಯ ಯಕ್ಕಾ! ಸಾಯಸ್ತೀ ಏನ? ಕೈಯಾಗೇನ ಚೇಳ ಸಾಕೀ?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ನೋಡಿದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಊರಿದ್ದ ಕೈಯನ್ನು ತೆಗೆದು ಗೌರಿಯ ಗಲ್ಲ ಹಿಡಿದರು. "ಇಷ್ಟೊತ್ತ ಎಲ್ಲಿ ಇಟ್ಟಿದ್ದೆವ್ವ ಇದನ್ನ? ಬಾಯಾಗ ಸಕ್ರಿ ಹಾಕ್ರಿ ಎಲ್ಲಾರಿಗೂ!"

ಗೌರಿ ಬಂದಳು. ರೊಟ್ಟಿ ಅರ್ಧವಾಯಿತು, ನಗು ನಾನು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಆಯಿತು, ಕಿವಿಗೆ ಮಾತ್ರ ಅಂದಿನಿಂದ ವಿಶ್ರಾಂತಿಯಿಲ್ಲ. ಅತ್ತೆ ತೀರಿಹೋದ ಮೇಲೆ ಮನೆಯೆಂಬ ಲಾರಿಯ ಮುಂದಿನ ಸೀಟು ಅವಳದೇ.

ಇಷ್ಟೆಲ್ಲ ನೆನೆದು ಪೂಜೆ ಮುಗಿಸಿ, ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳ ತಿರುವಲು ಹೊರಟೆ. ನನ್ನ ಮೊಣಕಾಲಿನ ವಿಷಯ ಏನು ಹೇಳಲಿ. ಇಷ್ಟು ದಿನ ಬಾಯಿ ಬಿಗಿದು, ದೊಡ್ಡ ಹೆಜ್ಜೆ ಹಾಕಿ, ಅರ್ಧಕ್ಕೇ ಕೂತುಬಿಡುತ್ತಿದ್ದೆ. ನೋವೆಂದು ಬಾಯಿಬಿಟ್ಟರೆ ದೇವರ ಮೇಲೆ ದೂರು ಹೇಳಿದಂತೆ ಎಂಬ ಭಾವನೆ. ಇವತ್ತು ಸಣ್ಣ ಸಣ್ಣ ಹೆಜ್ಜೆ ಇಟ್ಟು, ಪ್ರತಿ ಮೆಟ್ಟಿಲಿಗೂ "ಶಿವಾ! ಶಿವಾ!" ಎಂದು ಗಂಟಲು ಹರಿಯುವಂತೆ ಕೂಗುತ್ತ ಹತ್ತಿದೆ. ದೂರೂ ಆಯಿತು, ಜಪವೂ ಆಯಿತು.

ಕೆಳಗಿನಿಂದ ಗೌರಿ ಓಡಿ ಬಂದಳು. "ಏನಾತ ಯಕ್ಕಾ? ಬಿದ್ದೇನು? ಯಾಕ ಹಿಂಗ ಒದರ್ಲತ್ತಿ?"

"ಏರು ಅದವ್ವಾ, ಏರು!" ಎಂದು ಮೇಲಿನ ಮೆಟ್ಟಿಲಿನಿಂದ ಒದರಿದೆ.

ಈ ಮನೆಗೆ ಕಾಲಿಟ್ಟಂದಿನಿಂದ ಮೊದಲ ಸಲ ಅವಳಿಗೆ ಮರುಮಾತು ಹೊಳೆಯಲಿಲ್ಲ. ಬಾಯಿ ತೆರೆದು ಹಾಗೇ ನಿಂತಿದ್ದಳು. ದೇವರು ದೊಡ್ಡವನು, ಇಂಥ ಸಣ್ಣ ಸಣ್ಣ ಉಪಕಾರವನ್ನೂ ಮರೆಯದೆ ಮಾಡುತ್ತಾನೆ.