ಅಜ್ಜನ ಧೋತರದ ಸುಕ್ಕು

ಮೂರು ವಾರದ ಹಿಂದೆ, ಒಂದು ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಕಿಟಕಿ ಮುಚ್ಚಿದವಳು ನಾನೇ. ಆಗಷ್ಟೇ, ಹೊಸಪೇಟೆಗೆ ಮರಳುವ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಫೋನಿನಲ್ಲಿ ನೋಡಿದ್ದೆ. ಹಾಗಾಗಿ ಗಂಟೆ ನೆನಪಿದೆ. ನಿನ್ನೆ ಸಂಜೆ ಸಂಡೂರಿನ ಬಜಾರಿನಲ್ಲಿ ದಾರದ ಉಂಡೆ ಕೊಂಡು ಬರುವಾಗ, ಇಸ್ತ್ರಿ ಗಾಡಿಯ ಕಡೆಯಿಂದ ಒದ್ದೆ ಬಟ್ಟೆ ಕಾದ ವಾಸನೆ ಬಂತು. ಬಯಲಲ್ಲಿ ನಿಂತಿದ್ದರೂ ಉಸಿರು ಬಿಗಿಹಿಡಿದೆ. "ಯಾಕ್ರೀ ಅಕ್ಕ, ಏನಾತು?" ಅಂದ ಗಾಡಿಯವನು. ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಸಂಡೂರಿನವಳು. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಈ ಸಲ ನನಗೊಂದು ಹೊಲಿಯಲು ಹೊರಟಿದ್ದಳು: ಮೇಲೆ ಹಳೆ ಸೀರೆಗಳ ತುಂಡು, ಅಡಿಯಲ್ಲಿ ಅಜ್ಜನ ಬಿಳಿ ಧೋತರ. ಅಜ್ಜ ಇದ್ದಾಗ ಅದನ್ನು ತಾನೇ ಮಡಿಚಿ, ಗಾದಿಯ ಕೆಳಗಿಟ್ಟು ಮಲಗುತ್ತಿದ್ದ. ಅವನ ಇಸ್ತ್ರಿ ಅಷ್ಟೇ. ಆಮೇಲೆ ಅದು ಇಪ್ಪತ್ತು ವರ್ಷ ಟ್ರಂಕಿನ ತಳದಲ್ಲಿ ಮಡಿಚಿಕೊಂಡೇ ಕೂತಿತ್ತು. ಅದರ ಸುಕ್ಕುಗಳು ಅಜ್ಜನಷ್ಟೇ ಹಟಮಾರಿ. ನಾನು ಊರಿನಿಂದ ಹೊತ್ತು ತಂದಿದ್ದ ಕರೆಂಟಿನ ಇಸ್ತ್ರಿ ಪೆಟ್ಟಿಗೆಯಿಂದ ಅರ್ಧ ಗಂಟೆ ಉಜ್ಜಿದರೂ ಒಂದೂ ಗೆರೆ ಅಲುಗಲಿಲ್ಲ.

"ನಿನ್ನ ಪೆಟಗಿಗೆ ತೂಕಾನ ಇಲ್ಲಲ್ಲೇ, ಬೀಯಸ್ಸಿ," ಅಂದಳು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ದಿನದಿಂದ ನಾನು ಅವಳಿಗೆ ಬೀಯಸ್ಸಿಯೇ.

"ಬಿಡು ದೊಡ್ಡವ್ವ, ಕೆಳಗಿನ ಸುಕ್ಕು ಯಾರಿಗೆ ಕಾಣ್ತದ?"

"ಕಣ್ಣಿಗೆ ಕಾಣಂಗಿಲ್ಲ. ಬೆನ್ನಿಗೆ ಗೊತ್ತಾಗ್ತದ."

ಅವಳ ಕ್ರಮವೇ ಬೇರೆ. ನೀರು ಚಿಮುಕಿಸಿ, ಧೋತರವನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ, ಹಸಿ ಟವೆಲಿನಲ್ಲಿ ಕಟ್ಟಿಡಬೇಕು. ನಾವು ಉಂಡು ಮುಗಿಸುವಷ್ಟರಲ್ಲಿ ತೇವ ಎಳೆ ಎಳೆಗೂ ಇಳಿದಿರುತ್ತದೆ. ಆಮೇಲೆ ಇದ್ದಿಲು ತುಂಬುವ ಹಿತ್ತಾಳೆ ಪೆಟ್ಟಿಗೆ. ಅದನ್ನು ಎಳೆದಾಡಬಾರದು, ಹಳೆ ನೂಲು ಹಿಗ್ಗಿ ಬಟ್ಟೆ ಸೊಟ್ಟಗಾಗುತ್ತದೆ. ಒತ್ತಬೇಕು, ಎತ್ತಬೇಕು, ಮುಂದಿಡಬೇಕು.

ಆದರೆ ಹೊರಗೆ ಅದಿರಿನ ಲಾರಿಗಳು. ಒಣ ಬಟ್ಟೆಯ ಮೇಲಿನ ಕೆಂಧೂಳು ಕೊಡವಿದರೆ ಹೋದೀತು. ಒದ್ದೆ ಬಟ್ಟೆಯ ಮೇಲೆ ಕೂತು ಇಸ್ತ್ರಿಯಾದರೆ ಜನ್ಮಕ್ಕೂ ಹೋಗದು. "ಕಿಟಕಿ ಹಾಕು" ಅಂದಳು. ಹಾಕಿದೆ. ಅವಳು ಹೇಳದಿದ್ದರೂ ಬಾಗಿಲ ಚಿಲಕ ಹಾಕಿ, ಸಂದಿಗೆ ಗೋಣಿಚೀಲವನ್ನೂ ತುರುಕಿದೆ. ಮೂಲೆಯ ಸಿಗಡಿಯಲ್ಲಿ ಇದ್ದಿಲು ನಿಗಿನಿಗಿ ಅನ್ನುತ್ತಿತ್ತು. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಯಾವ ವಿಷಾನಿಲ ಹುಟ್ಟುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವಳು ನಾನು. ಆ ಅಂಕಗಳು ಆವತ್ತು ನನ್ನ ಜೊತೆ ಬಸ್ಸು ಹತ್ತಿರಲಿಲ್ಲ.

ಎರಡು ಮಡಿಕೆ ಮಾಯವಾದವು. ನನ್ನ ತಲೆ ಸಿಡಿಯತೊಡಗಿತು.

"ದೊಡ್ಡವ್ವ, ತಲಿ ನೋಯ್ತದ."

"ಊಟ ಭಾಳಾತು ನಿನಗ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಪೆಟ್ಟಿಗೆಯನ್ನು ಜೋಪಾನವಾಗಿ ಕಲ್ಲಿನ ಮೇಲಿಟ್ಟು, ಧೋತರದ ಮೇಲೆಯೇ ವಾಲಿದಳು. ಏಳಬೇಕೆಂದೆ, ಕಾಲು ಮಾತು ಕೇಳಲಿಲ್ಲ.

ಆಗ ಬಾಗಿಲು ಬಡಿದವಳು ಪಕ್ಕದ ಮನೆಯ ಹುಲಿಗೆಮ್ಮ. ಮೊಮ್ಮಗುವಿಗೆ ನೀರೆರೆದಿದ್ದಳು, ಲೋಬಾನದ ಹೊಗೆ ಹಾಕಲು ಕೆಂಡ ಬೇಕಿತ್ತು. "ಏನಬೇ, ಎರಡು ಕೆಂಡಕ್ಕ ಇಷ್ಟು ಸತಾಯಿಸ್ತೀ!" ಆ ಬೈಗುಳ ಬಂದ ದಿಕ್ಕಿಗೆ ತೆವಳಿದೆ. ಗೋಣಿಚೀಲ ಎಳೆದು ಚಿಲಕ ತೆಗೆದದ್ದು ನೆನಪಿದೆ. ಅವಳು ದೊಡ್ಡವ್ವನ ಕಂಕುಳಿಗೆ ಕೈಹಾಕಿ ಹೊರಗಿನ ಕಟ್ಟೆಗೆ ಎಳೆದದ್ದು ನೆನಪಿದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ದೊಡ್ಡವ್ವ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು: "ಧೋತರ ಸುಟ್ಟಿಲ್ಲೇನು?"

ರಜೆ ಹಾಕಿ ಅಲ್ಲೇ ಉಳಿದೆ. ಮೂರು ವಾರ ನಮಗಿಬ್ಬರಿಗೂ ನಿದ್ದೆ ಹತ್ತಲಿಲ್ಲ. ನಾನು ಎದ್ದೆದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. "ಸತ್ತಿಲ್ಲ, ಮಲಕ್ಕೋ," ಅನ್ನುತ್ತಿದ್ದಳು, ಕಣ್ಣು ಮುಚ್ಚಿಕೊಂಡೇ.

ಧೋತರವನ್ನು ಎಸೆದುಬಿಡೋಣ ಅಂದೆ. ಒಪ್ಪಲಿಲ್ಲ. "ಅರ್ಧಕ್ಕ ಬಿಟ್ಟರ ಆ ಸುಕ್ಕು ನಿನ್ನ ತಲ್ಯಾಗ ಉಳಿತದ. ಈ ಸಲ ನೀನ ಒತ್ತು." ಲಾರಿಗಳು ಶುರುವಾಗುವ ಮುನ್ನ, ಬೆಳಿಗ್ಗೆ ಬಯಲ ಕಟ್ಟೆಯ ಮೇಲೆ ಒತ್ತಿದೆ. ದಿನಕ್ಕೊಂದು ಮಡಿಕೆ. ಒಂದು ದಿನ ಲಾರಿಯೊಂದು ಬೇಗನೇ ಬಂದು, ಅಂಚಿನಲ್ಲಿ ಅಂಗೈಯಗಲ ಕೆಂಪು ಕಲೆ ಕೂತಿತು. ನಾನು ಅತ್ತೇಬಿಟ್ಟೆ. ಅವಳು ಬಗ್ಗಿ ನೋಡಿ, "ಇರ್ಲಿ. ಸಂಡೂರಿನ ಕೌದಿ ಅಂತ ಗೊತ್ತಾಗ್ಲಿ," ಅಂದಳು.

ನಿನ್ನೆ ತಂದ ದಾರದಲ್ಲಿ ರಾತ್ರಿಯೇ ಕೊನೆಯ ಅಂಚು ಮುಗಿಯಿತು. ಹಾಸಿಕೊಂಡು ಇಬ್ಬರೂ ಅದರ ಮೇಲೇ ಮಲಗಿದೆವು. ಬೆನ್ನಿಗೆ ಎಲ್ಲಾದರೂ ಸುಕ್ಕು ಸಿಗುತ್ತದೇನೋ ಎಂದು ಹುಡುಕುತ್ತಿದ್ದೆ. ಸಿಕ್ಕಿತೋ ಇಲ್ಲವೋ ಗೊತ್ತಾಗಲೇ ಇಲ್ಲ.

ಇವತ್ತು ಶನಿವಾರ. ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು, ದೊಡ್ಡವ್ವ ಗೊರಕೆ ಹೊಡೆಯುತ್ತಿದ್ದಳು. ಕೌದಿಯ ಮೇಲೆ, ಅವಳ ಬಿಳಿ ಕೂದಲ ಮೇಲೆ, ನನ್ನ ತೋಳಿನ ಮೇಲೆ ತೆಳ್ಳಗೆ ಕೆಂಧೂಳು. ಕಿಟಕಿ ರಾತ್ರಿಯಿಡೀ ತೆರೆದೇ ಇತ್ತು.